ಕಾಟಮ್ಮನ ದೊಡ್ಡಿಯ ಕಲ್ಲುಬಾನಿ

ಸಕಲ ಭುವನಗಳನ್ನೂ ಪೊರೆಯುವ ಪರಶಿವನು ತನ್ನ ವಾಹನವಾದ ನಂದಿಯನ್ನು ಒಮ್ಮೆ ದನದ ದೊಡ್ಡಿಯಿಂದ ಬಿಡಿಸಿಕೊಂಡು ಹೋಗಬೇಕಾಗಿ ಬಂದ ಪುಣ್ಯಕಥೆಯನ್ನು, ಈ ಸುಡುಬಿಸಿಲಿನಲ್ಲಿ ಇಷ್ಟು ದೂರ ನಡೆದುಬಂದ ಭಕ್ತಮಹಾಶಯರು ಬೇವಿನ ನೆರಳಿನಲ್ಲಿ ಕುಳಿತು ಸಾವಧಾನವಾಗಿ ಓದಬೇಕು.

ದ್ವಾಪರವು ಮುಗಿಯುತ್ತಿದ್ದ ಕಾಲದಲ್ಲಿ, ಮರಳು, ಜಾಲಿ ಮತ್ತು ಕರಿಬಂಡೆಗಳ ಹೊರತು ಬೇರೇನೂ ಕಾಣದ ಈ ಬರಡುಬಯಲಿನ ನಡುವೆ, ಕಾಟಮ್ಮನೆಂಬ ಗೋಪಾಲಕಿಯು ಕಲ್ಲುಗೋಡೆಯ ದೊಡ್ಡಿಯೊಂದನ್ನು ಕಟ್ಟಿ, ತನ್ನ ಮುದಿಮಾವ ಈರಪ್ಪನೊಡನೆ ಮಹಾಗೋಸಮೂಹವನ್ನು ಪಾಲಿಸುತ್ತಿದ್ದಳು. ಒಂದು ಬೇಸಿಗೆಯಲ್ಲಿ ಬಾವಿ ಬತ್ತಿತು. ಸಂಜೆ ತಂಪಾದೊಡನೆ ದನಗಳನ್ನೆಲ್ಲ ನದಿಯತ್ತ ಹೊಡೆಯುವುದೆಂದು ನಿಶ್ಚಯವಾಯಿತು. ದೊಡ್ಡ ದನಗಳು ಹೇಗಾದರೂ ನಡೆದಾವು, ಎಳೆಗರುಗಳು ನೀರು ಕುಡಿಯದೆ ಅಷ್ಟು ದೂರ ಹೋಗಲಾರವು. ಅದಕ್ಕೆಂದೇ ಕಾಟಮ್ಮ ಕಲ್ಲುಬಾನಿಯಲ್ಲಿ ಕಡೆಯ ನೀರನ್ನು ಜೋಪಾನವಾಗಿ ಮುಚ್ಚಿಟ್ಟಿದ್ದಳು.

ಆ ಮಧ್ಯಾಹ್ನ, ಚಂದ್ರಧವಳಕಾಂತಿಯ ಮಹಾವೃಷಭವೊಂದು ಎಲ್ಲಿಂದಲೋ ಬಂದು ದೊಡ್ಡಿಯೊಳಗೆ ನುಗ್ಗಿ, ಕೊಂಬಿನಿಂದ ಮುಚ್ಚಳವನ್ನು ಸರಿಸಿ, ಬಾನಿಯ ನೀರನ್ನೆಲ್ಲ ಒಂದೇ ಗುಟುಕಿಗೆ ಹೀರಿ, ಮೂತಿ ನೆಕ್ಕಿಕೊಳ್ಳುತ್ತ ನಿಂತಿತು. ಅದು ನಂದಿಕೇಶ್ವರನೆಂದು ಕಾಟಮ್ಮನಿಗೇನು ಗೊತ್ತು! ಅವಳಿಗೆ ಕಂಡದ್ದು ಮೇರೆ ತಪ್ಪಿದ ತುಡುಗು ಗೂಳಿ. ಪರರ ದನ ಬಂದು ನೀರು ಕುಡಿದರೆ ಅದನ್ನು ಕೂಡಿಹಾಕುವುದು, ಒಡೆಯನು ಬಂದು ಬಾನಿಯನ್ನು ಮತ್ತೆ ತುಂಬಿದ ಮೇಲೆ ಬಿಡುವುದು ಬಯಲಿನ ಕಟ್ಟುಪಾಡಾಗಿತ್ತು. ಅವಳು ಬಾಗಿಲಿಗೆ ಮುಳ್ಳುಗಂಟಿ ಎಳೆದಳು.

ಭಸ್ಮೋದ್ಧೂಳಿತಶರೀರನಾದ ಜೋಗಿಯೊಬ್ಬನು ಸ್ವಲ್ಪ ಹೊತ್ತಿನಲ್ಲೇ ವೃಷಭವನ್ನು ಅರಸುತ್ತ ಬಂದನು. ಅದು ತನ್ನದೆಂದನು, ಬಿಟ್ಟರೆ ಮೋಕ್ಷವನ್ನೇ ಕೊಡುವೆನೆಂದನು.

“ಮೋಕ್ಷ ಆಮೇಲ್ ಕೊಡೀರಂತೆ ಸ್ವಾಮಿ, ಮೊದ್ಲು ಬಾನಿ ತುಂಬ್ಸಿ. ನಿಮ್ ಗೂಳಿ ಕುಡ್ದಿದ್ದು ನಮ್ ಕರುಗಳ ನೀರು,” ಎಂದಳು ಕಾಟಮ್ಮ. ಕರುಗಳು ಒಣಗಿದ ಬಾನಿಯನ್ನು ನೆಕ್ಕುತ್ತಿದ್ದವು.

ಈರಪ್ಪ ಸೊಸೆಯನ್ನು ಪಕ್ಕಕ್ಕೆ ಕರೆದನು. “ಬ್ಯಾಡ ಕಣವ್ವ, ಜೋಗಿ ಶಾಪ ಕೊಟ್ಟಾನು, ಬಿಟ್ಬಿಡು.”

“ಕೊಡ್ಲಿ ಬಿಡು ಮಾವ. ಶಾಪ ಬಿದ್ರೆ ನನಗ್ ಬೀಳ್ತೈತೆ, ನೀರಿಲ್ದಿದ್ರೆ ಕರುಗಳು ಸಾಯ್ತವೆ.”

ಜೋಗಿಯ ವೇಷದಲ್ಲಿ ಬಂದಿದ್ದವನು ತ್ರಿಪುರಗಳನ್ನು ಸುಟ್ಟ ಮಹಾದೇವನೇ. ಸಹಾಯಕ್ಕೆಂದು ನಂದಿಯತ್ತ ನೋಡಿದರೆ, ಅದು ಮಾಲೀಕನನ್ನು ಎಂದೂ ಕಂಡೇ ಇಲ್ಲವೆಂಬಂತೆ ಮೆಲುಕು ಹಾಕುತ್ತಿತ್ತು. ವಿಧಿಯಿಲ್ಲದೆ ಜಗದೀಶ್ವರನು ಬಾನಿಯ ಮುಂದೆ ತಲೆಬಾಗಿಸಿ, ಜಟೆಯ ಒಂದೆಳೆಯನ್ನು ಸಡಿಲಿಸಿದನು. ಗಂಗೆ ಧುಮುಕಿದಳು. ಕರುಗಳು ಹೊಟ್ಟೆ ಬಿರಿಯುವಂತೆ ಕುಡಿದವು, ಹಸುಗಳೂ ಕುಡಿದವು, ಆದರೂ ಬಾನಿ ತುಂಬಿಯೇ ಇತ್ತು. ಕಾಟಮ್ಮ ಮೊದಲು ಮುಳ್ಳುಗಂಟಿ ಸರಿಸಿ ಗೂಳಿಯನ್ನು ಬಿಟ್ಟಳು, ಅನಂತರ ಪಾದಕ್ಕೆ ಬಿದ್ದು ಅತ್ತಳು.

ಚಂದ್ರಮೌಳಿಯು ನಿಜರೂಪದಲ್ಲಿ ನಿಂತು ನುಡಿದನು: “ತಾಯೀ, ಲೋಕವೆಲ್ಲ ನನ್ನನ್ನು ಬೇಡಿತು. ನನ್ನಿಂದ ಬರಬೇಕಾದುದನ್ನು ಕೇಳಿದವಳು ನೀನೊಬ್ಬಳೇ. ಈ ಬಾನಿಯ ಪಕ್ಕದಲ್ಲಿ ಲಿಂಗರೂಪನಾಗಿ ನಿಲ್ಲುವೆನು. ವರವನ್ನು ಕೇಳು.”

“ನೀರಿಗೆ ಬಂದ ಯಾವ ದನಾನೂ ಇನ್ನು ಕೂಡಾಕೋ ಹಂಗೆ ಆಗದಿರ್ಲಪ್ಪ,” ಎಂದಳು ಅವಳು.

ಹಾಗೆಯೇ ಆಯಿತು. ಬತ್ತದ ಬಾನಿಯಿರುವಾಗ ಬಾಗಿಲಾದರೂ ಏಕೆ? ಕಾಲಕ್ರಮದಲ್ಲಿ ಬಿದ್ದ ಗೋಡೆಯನ್ನು ಯಾರೂ ಮತ್ತೆ ಎತ್ತಲಿಲ್ಲ. ಇಂದು ತಾವು ಕಾಣುವ ಈ ಮೊಂಡುಗೋಡೆಗಳು ಶತ್ರುಗಳು ಕೆಡವಿದವಲ್ಲ, ಬರಕ್ಕೆ ಹಾಳಾದವೂ ಅಲ್ಲ. ಬೇಡವಾದ್ದರಿಂದ ಸಂತೋಷವಾಗಿ ಬಿದ್ದವು. ಸ್ವಾಮಿಗೆ ಗುಡಿ ಕಟ್ಟುತ್ತೇವೆಂದು ಬಂದ ಪುಣ್ಯಾತ್ಮರಿಗೂ, ಗೋಡೆ ಎದ್ದರೆ ದನಗಳಿಗೆ ಮತ್ತೆ ತಡೆಯಾದೀತೆಂದು, ಈ ಸ್ಥಳದ ಸೇವಕರಾದ ನಾವು ಕೈಮುಗಿದು ಬೇಡವೆಂದಿದ್ದೇವೆ.

ಚೈತ್ರದ ಸೋಮವಾರಗಳಲ್ಲಿ ಸುತ್ತಲ ಹಟ್ಟಿಗಳ ದನಕರುಗಳೆಲ್ಲ ಇಲ್ಲಿಗೆ ಬರುತ್ತವೆ. ಅವು ಕುಡಿದು ಮುಗಿಸಿದ ಬಳಿಕವೇ ಅದೇ ನೀರಿನಿಂದ ಲಿಂಗಕ್ಕೆ ಅಭಿಷೇಕ. ಒಂದೊಂದು ಕರು ಒಂದು ಗುಟುಕು ಕುಡಿದು, ತಲೆಯೆತ್ತಿ, ಭಕ್ತಾದಿಗಳನ್ನೆಲ್ಲ ನೋಡಿ, ಬಾಲ ಬೀಸಿ, ಮತ್ತೊಂದು ಗುಟುಕು ಕುಡಿಯುತ್ತದೆ. ಆಗ ಪೂಜೆ ತಡವಾಗುತ್ತದೆ. ದಯವಿಟ್ಟು ಯಾರೂ ಅದನ್ನು ಹೊಡೆದಟ್ಟಬಾರದು, ಅರ್ಚಕರನ್ನೂ ಅವಸರಪಡಿಸಬಾರದು. ಸ್ವಾಮಿಯೂ ಕಾಯುತ್ತಿದ್ದಾನೆ.