ಮೊಂಬಾಸಾದ ಬುಟ್ಟಿ

“ಗುರುಗಳೇ, ಅಣ್ಣನ ಜೊತೆ ಜಗಳವಾಡಿ ನಾನು ಮನೆ ಬಿಟ್ಟು ಬಂದ ಮೇಲೆ ಅವನು ಮೂರು ಸಲ ‘ಬಾ’ ಎಂದು ಹೇಳಿ ಕಳಿಸಿದ್ದಾನೆ. ಈಗಲೇ ಹೋಗಲೋ, ಇನ್ನಷ್ಟು ಬಗ್ಗಲಿ ಎಂದು ಕಾಯಲೋ?” ಎಂದು ಶಿಷ್ಯ ಕೇಳಿದ.

ಗುರು ನಕ್ಕರು. “ಭಲೇ! ಅಣ್ಣನ ಜೊತೆ ಚೌಕಾಸಿಗೆ ಕೂತಿದ್ದೀಯ. ಹಾಗಾದರೆ ಪೇಟೆಯ ಕತೆಯನ್ನೇ ಕೇಳು” ಎಂದು ಹೇಳತೊಡಗಿದರು.

ನಮ್ಮ ಕಡೆಯ ಒಬ್ಬ ಹೆಂಗಸು ಆಫ್ರಿಕಾದ ಮೊಂಬಾಸಾದಲ್ಲಿದ್ದ ತಮ್ಮನ ಮನೆಗೆ ಹೋಗಿದ್ದಳು. ಇತ್ತ ಊರಿನಲ್ಲಿ ಮಗಳಿಗೆ ದಿನ ತುಂಬಿತ್ತು. ಚೊಚ್ಚಲ ಹೆರಿಗೆ. ‘ಅವ್ವಾ, ಬೇಗ ಬಾ’ ಎಂದು ಮಗಳು ಫೋನಿನಲ್ಲಿ ಅತ್ತಿದ್ದಳು. ಸಂಜೆಗೆ ವಿಮಾನ. ಅಷ್ಟರೊಳಗೆ ಕೂಸಿನ ಬಟ್ಟೆ ಇಡಲು ಅಲ್ಲಿಯ ಕತ್ತಾಳೆ ನಾರಿನ ಬುಟ್ಟಿಯೊಂದನ್ನು ತರೋಣವೆಂದು ಪೇಟೆಗೆ ಹೋದಳು.

ಚೌಕಾಸಿಯಲ್ಲಿ ಅವಳದು ಎತ್ತಿದ ಕೈ. ‘ಬೇಡ ಬಿಡು’ ಎಂದು ಹೊರಟುಬಿಡಬೇಕು, ಕರೆದರೂ ತಿರುಗಬಾರದು, ತಿರುಗಿದರೆ ಬೆಲೆ ಅಲ್ಲಿಗೇ ನಿಂತಿತು ಎನ್ನುವವಳು. ಭಾರ ಹಾಕಿ ಅಲ್ಲಾಡಿಸಿ ನೋಡದೆ ಬುಟ್ಟಿ ಕೊಳ್ಳುವವಳೂ ಅಲ್ಲ. ಪಾಸ್‌ಪೋರ್ಟು, ಟಿಕೆಟ್ಟು ಇದ್ದ ತನ್ನ ಹೆಗಲಚೀಲವನ್ನೇ ಬುಟ್ಟಿಗೆ ಹಾಕಿ ತೂಗಿ ನೋಡಿದಳು. ಬುಟ್ಟಿ ಗಟ್ಟಿಯಾಗಿತ್ತು. ಬೆಲೆ ಮಾತ್ರ ಕುದುರಲಿಲ್ಲ. ಸಿಟ್ಟಿನಲ್ಲಿ ಅದನ್ನು ಇದ್ದ ಹಾಗೆಯೇ ಕೆಳಗಿಟ್ಟು ಹೊರಟಳು.

‘ಅಮ್ಮಾ, ನಿಲ್ಲಿ!’ ಎಂದು ಬುಟ್ಟಿಯವನು ಕೂಗಿದ. ದಾರಿಗೆ ಬಂದ ಎಂದುಕೊಂಡು ಅವಳು ನಡಿಗೆ ಜೋರು ಮಾಡಿದಳು. ಪೇಟೆಯ ನಡುವೆ ‘ನಿಮ್ಮ ಚೀಲ’ ಎಂದು ಕೂಗಿದರೆ ಹತ್ತು ಜನ ‘ನನ್ನದು’ ಎನ್ನುತ್ತಾರೆ. ಹಾಗಾಗಿ ಅವನು ಬರೀ ‘ಅಮ್ಮಾ’ ಎನ್ನುತ್ತಾ ಅಂಗಡಿ ಬಿಟ್ಟು ಬುಟ್ಟಿ ಹೊತ್ತು ಓಡಿದ. ಅವಳು ಆಟೋ ಹತ್ತಿದಳು. ಓಡಲಿ, ಮುಂದಿನ ತಿರುವಿಗೆ ಅರ್ಧ ಬೆಲೆಗೆ ಇಳಿಯುತ್ತಾನೆ ಎಂದು ಒಳಗೊಳಗೇ ಹಿಗ್ಗಿದಳು. ಎಂಥ ಜಾಣೆ ನೋಡು!

ತಿರುವು ದಾಟಿತು, ಕೂಗು ನಿಂತಿತು. ಆಗ ಹೆಗಲಿಗೆ ಕೈ ಹೋಯಿತು. ಚೀಲವಿಲ್ಲ. ಹಿಂದೆ ನೋಡಿದರೆ ಅವನೂ ಇಲ್ಲ. ‘ಅಯ್ಯೋ, ನನ್ನ ಮಗಳೇ!’ ಎಂದು ಎದೆ ಬಡಿದುಕೊಂಡು ಆಟೋ ತಿರುಗಿಸಿದಳು.

ಅವನು ತಿರುವಿನ ಕಲ್ಲಿನ ಮೇಲೆ ಏದುಸಿರು ಬಿಡುತ್ತಾ ಕೂತಿದ್ದ. ಮಡಿಲಲ್ಲಿ ಬುಟ್ಟಿ, ಬುಟ್ಟಿಯೊಳಗೆ ಚೀಲ. ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಅವನ ಎರಡೂ ಕೈ ಹಿಡಿದು ಗೊಳೋ ಎಂದು ಅತ್ತಳು.

‘ಬೆಲೆ ಇಳಿಸಲು ಕರೆಯುತ್ತಿದ್ದೀಯ ಅಂದುಕೊಂಡೆನಪ್ಪಾ. ನೀನು ಹೇಳಿದಷ್ಟೇ ಕೊಡುತ್ತೇನೆ.’

‘ಬುಟ್ಟಿಯ ಮಾತು ಆಮೇಲೆ, ಅಮ್ಮಾ. ಮೊದಲು ಎಲ್ಲ ಸರಿಯಾಗಿದೆಯೇ ನೋಡಿಕೊಳ್ಳಿ’ ಎಂದು ಅವನು ಬೆವರು ಒರೆಸಿಕೊಂಡ.

ಎಲ್ಲ ಇತ್ತು. ಸಂಜೆಯ ವಿಮಾನ ಸಿಕ್ಕಿತು. ಮೂರನೆಯ ದಿನ ಮಗಳು ಹೆತ್ತಾಗ ಅವಳು ಪಕ್ಕದಲ್ಲೇ ಇದ್ದಳು. ಕೂಸಿನ ಬಟ್ಟೆ ಆ ಬುಟ್ಟಿಯಲ್ಲೇ ಇದೆ.

“ಅಬ್ಬಾ, ಸದ್ಯ!” ಎಂದು ಶಿಷ್ಯ ನಿಟ್ಟುಸಿರು ಬಿಟ್ಟ.

ಗುರು ಅವನ ಮುಖ ನೋಡಿದರು. “ಮೂರು ಸಲ ಕರೆದ ನಿನ್ನ ಅಣ್ಣ ಕೈಯಲ್ಲಿ ಏನು ಹಿಡಿದುಕೊಂಡಿದ್ದಾನೆಂದು ಒಮ್ಮೆಯಾದರೂ ತಿರುಗಿ ನೋಡಿದೆಯಾ?”