ಕಣಿವೆ ದಾಟುವ ಜೀಪು

"ಕೇಳಿರಯ್ಯಾ ಕೇಳಿ. ಅರಮನೆಯ ಜೀಪಿನ ಎಂಜಿನ್ ಕೆಟ್ಟು ಹೋಗಿದೆ. ಬೇರೆ ಎಂಜಿನ್ ತರಿಸಿದ್ದೇವೆ. ಅದಕ್ಕೆ ಪೆಟ್ರೋಲ್ ಉಣಿಸುವ ಸಾಧನ ಯಾವುದಿರಬೇಕೆಂದು ಆರಿಸುವವರು ರಾಜಕುಮಾರಿ ಹೊನ್ನಾಂಬೆಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುತ್ತದೆ."

ಮಂಜುಗಲ್ಲು ಸೀಮೆಯಲ್ಲಿ ಹೀಗೆ ಡಂಗುರ ಸಾರಿದರು. ಆಸ್ಪತ್ರೆ ಇದ್ದದ್ದು ಬೆಟ್ಟಸಾಲನ್ನು ಹಾಯುವ ಎತ್ತರದ ಕಣಿವೆದಾರಿಯ ಆಚೆ. ಹಿಂದಿನ ಚಳಿಗಾಲ ರಾಣಿಗೆ ಎದೆನೋವು ಬಂದಾಗ ಈ ಜೀಪು ಕಣಿವೆಯ ನೆತ್ತಿಯಲ್ಲೇ ನಿಂತುಬಿಟ್ಟಿತ್ತು. ರಾಣಿ ಅಲ್ಲೇ ತೀರಿಕೊಂಡಳು. ಅಂದಿನಿಂದ ಹೊನ್ನಾಂಬೆ ಯಾವ ಮೇಸ್ತ್ರಿಯನ್ನೂ ನಂಬಳು. ರಾಜ ವೀರಮಲ್ಲನಿಗೆ ಮಗಳ ಮಾತಿಗೆ ಇಲ್ಲ ಎನ್ನುವ ಧೈರ್ಯ ಉಳಿದಿರಲಿಲ್ಲ.

ಅರಮನೆಯ ಮೆಕ್ಯಾನಿಕ್ ರುದ್ರೋಜಿ ಮೊದಲೆರಡನ್ನು ಸಲೀಸಾಗಿ ಬಿಡಿಸಿ, ಮೂರನೆಯದಕ್ಕೆ ಒಂದು ಹೆಸರು ಹೇಳಿ ಸೆರೆಮನೆ ಸೇರಿದ. ಪೇಟೆಯ ಗ್ಯಾರೇಜಿನ ಹಯಾತ್ ಸಾಹೇಬ ಇನ್ನೊಂದು ಹೆಸರು ಹೇಳಿ ಅಲ್ಲಿಗೇ ಹೋದ. ಹೇಳಲು ಬೇರೆ ಹೆಸರೇ ಉಳಿಯಲಿಲ್ಲ. ಕೆಲವು ದಿನ ಮತ್ತೆ ಯಾರೂ ಬರಲಿಲ್ಲ.

ಆಮೇಲೆ ಬಂದವನು ಚಿಕ್ಕೀರ. ಹೇಸರಗತ್ತೆಗಳ ಮೇಲೆ ಕಣಿವೆಯಾಚೆಗೆ ಉಪ್ಪು ಸಾಗಿಸುವವನು. ಅವನ ಹೆಂಡತಿ ಮಾಳವ್ವ ತುಂಬು ಬಸುರಿ. ಕೈಕಾಲು ಬಾತು, ಕಣ್ಣು ಮಂಜಾಗಿ ಮಲಗಿದ್ದಳು. "ನನ್ನ ಕೈಲಿ ಆಗೋದಿಲ್ಲಪ್ಪ, ಆಸ್ಪತ್ರೆಗೆ ಒಯ್ಯಿ" ಎಂದು ಸೂಲಗಿತ್ತಿ ಹೇಳಿಬಿಟ್ಟಿದ್ದಳು. ಹೇಸರಗತ್ತೆಯ ಮೇಲೆ ಅವಳನ್ನು ಕೂರಿಸುವಂತಿರಲಿಲ್ಲ. ಸೀಮೆಗೆಲ್ಲ ಇದ್ದದ್ದು ಅದೊಂದೇ ಜೀಪು.

ರಾಜಕುಮಾರಿ ಕೇಳಿದಳು: "ಗಾಳಿ ಎಳೆದಂತೆ ಬಡಿಸುತ್ತಾಳೆ. ಬಯಲಲ್ಲಿ ಅವಳ ಅಡುಗೆ ಹದ. ಬೆಟ್ಟವೇರಿ ಗಾಳಿ ತೆಳುವಾದರೂ ಅದೇ ಸೌಟಿನಲ್ಲಿ ಬಡಿಸಿ ಉಣ್ಣುವವನ ಉಸಿರು ಕಟ್ಟಿಸುತ್ತಾಳೆ. ಯಾರವಳು?"

"ಕಾರ್ಬೊರೇಟರ್, ಅಮ್ಮಣ್ಣಿ. ಮೇಲೆ ಹೋದಂತೆ ಗಾಳಿ ಸಾಲದೆ ಪೆಟ್ರೋಲ್ ಹೆಚ್ಚಾಗುತ್ತೆ. ಕಪ್ಪು ಹೊಗೆ ಕಾರಿ ನಿಂತ ಪರಸೀಮೆಯ ಗಾಡಿಗಳನ್ನ ದಾರೀಲಿ ತಳ್ಳಿದ್ದೀನಿ. ಡ್ರೈವರು ಸ್ಕ್ರೂ ತಿರುಗಿಸಿ ಮತ್ತೆ ಹೊರಡಿಸ್ತಾರೆ."

"ಇನ್ನೊಬ್ಬಳು ಗಾಳಿಯ ತೂಕ ನೋಡಿ ಹನಿಹನಿಯಾಗಿ ಅಳೆದು ಬಡಿಸುತ್ತಾಳೆ. ಬೆಟ್ಟದಲ್ಲೂ ಹದ ತಪ್ಪಳು. ಒಂದು ತಂತಿ ಕಡಿದರೆ ಮಾತ್ರ ಕೈಕಟ್ಟಿ ಕೂರುತ್ತಾಳೆ, ಯಾರು ಬೇಡಿದರೂ ಏಳಳು."

"ಇಂಜೆಕ್ಷನ್, ಪೆಟ್ರೋಲನ್ನ ಎಂಜಿನ್ನಿಗೆ ಚಿಮ್ಮಿಸೋದು. ಅದು ಕರೆಂಟಿನ ಲೆಕ್ಕದಲ್ಲಿ ನಡೆಯೋದು. ಕೆಟ್ಟರೆ ಡ್ರೈವರು ಬಾನೆಟ್ ಎತ್ತಿ ನೋಡಿ ಸುಮ್ಮನೆ ಮುಚ್ಚುತ್ತಾರೆ."

"ಈ ಇಬ್ಬರಲ್ಲಿ ನಡುದಾರಿಯಲ್ಲಿ ಎಂದೂ ಕೈಬಿಡದವಳು ಯಾರು?"

ಬಾಗಿಲಲ್ಲಿ ನಿಂತ ಕಾವಲಿನವನು ಆಗಲೇ ಹಗ್ಗ ಬಿಚ್ಚುತ್ತಿದ್ದ. ಸುಳ್ಳು ಹೇಳೋಣವೆಂದರೆ ಚಿಕ್ಕೀರನಿಗೆ ಯಾವ ಸುಳ್ಳೂ ಹೊಳೆಯಲಿಲ್ಲ.

"ಅಂಥವಳು ಇಲ್ಲ, ಅಮ್ಮಣ್ಣಿ. ಎರಡನ್ನೂ ನಾನು ತಳ್ಳಿದ್ದೀನಿ."

ಹೊನ್ನಾಂಬೆ ಕೈಯೆತ್ತಿ ಕಾವಲಿನವನನ್ನು ತಡೆದಳು. "ಅಂದು ಅಪ್ಪಾಜಿ ಕಾರ್ಬೊರೇಟರ್ ಬೇಡವೆಂದು ಇನ್ನೊಂದನ್ನು ಹಾಕಿಸಿದ್ದರೆ, ಅಮ್ಮ ಉಳಿಯುತ್ತಿದ್ದರೇ?"

"ಉಳೀತಿದ್ದರೋ ಏನೋ. ಮುಂದಿನ ತಿರುವಿನಲ್ಲಿ ಅದೂ ನಿಲ್ತಿತ್ತೋ ಏನೋ. ನನಗೆ ಗೊತ್ತಿಲ್ಲ."

ಪಕ್ಕದಲ್ಲಿ ಕೂತಿದ್ದ ರಾಜ ಶಾಲಿನಿಂದ ಮುಖ ಮುಚ್ಚಿಕೊಂಡ.

"ಅದೇ ಉತ್ತರ," ಎಂದಳು ರಾಜಕುಮಾರಿ. "ಮಿಕ್ಕವರಿಬ್ಬರೂ ನನಗೆ ಭರವಸೆ ಕೊಟ್ಟರು. ಅಮ್ಮನನ್ನು ಜೀಪು ಹತ್ತಿಸಿದಾಗಲೂ ಎಲ್ಲರೂ ಭರವಸೆ ಕೊಟ್ಟಿದ್ದರು. ಈಗ ಹೇಳು, ಯಾವುದನ್ನು ಹಾಕಿಸಲಿ?"

"ಕಣಿವೆ ಎತ್ತರದ್ದು. ಇಂಜೆಕ್ಷನ್ ಹಾಕಿಸಿ. ಕೆಟ್ಟರೆ ನಮ್ಮ ಕೈಲಿ ಏನೂ ಆಗೋದಿಲ್ಲ. ಆದರೂ ಅದನ್ನೇ ಹಾಕಿಸಿ. ನನಗೆ ಬೇಡಿದ್ದು ಕೊಡ್ತೀನಿ ಅಂದಿರಿ. ಆ ಇಬ್ಬರನ್ನ ಬಿಡಿ, ಎಂಜಿನ್ ಕೂರಿಸೋಕೆ ನನಗೆ ಬರೋದಿಲ್ಲ. ಆಮೇಲೆ ನನ್ನ ಹೆಂಡತಿಯನ್ನ ಜೀಪಿನಲ್ಲಿ ಕರಕೊಂಡು ಹೋಗೋಕೆ ಬಿಡಿ."

ರುದ್ರೋಜಿಯೂ ಹಯಾತ್ ಸಾಹೇಬನೂ ಒಂದೇ ಬಾನೆಟ್ಟಿನ ಕೆಳಗೆ ಬಗ್ಗಿ ಹಗಲಿಡೀ ದುಡಿದರು. ಚಿಕ್ಕೀರ ಅವರು ಕೇಳಿದ ಸ್ಪ್ಯಾನರ್ ಕೊಡುತ್ತ, ಮನೆಯ ಕಡೆಗೆ ಓಡಿ ಹೋಗಿ ನೋಡಿ ಬರುತ್ತ ಇದ್ದ.

ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ರುದ್ರೋಜಿ ಸ್ಟೇರಿಂಗ್ ಹಿಡಿದ, ಹೊನ್ನಾಂಬೆ ತಾನೇ ಹಿಂದೆ ಕೂತು ಮಾಳವ್ವನ ಬಾತ ಪಾದಗಳನ್ನು ಮಡಿಲಲ್ಲಿಟ್ಟುಕೊಂಡಳು.

ಮಾಳವ್ವ ಬದುಕಿದಳು. ಮಗು ಬದುಕಲಿಲ್ಲ.

ರಾಜ ಜೀಪನ್ನು ಚಿಕ್ಕೀರನಿಗೇ ಕೊಟ್ಟ, ಸೀಮೆಯ ರೋಗಿಗಳನ್ನು ಕಣಿವೆ ದಾಟಿಸುವ ಕೆಲಸವನ್ನೂ ಕೊಟ್ಟ. ಮಾಳವ್ವ ಮುಂದಿನ ಸೀಟಿನಲ್ಲಿ ಬರಿದಾದ ಮಡಿಲಿನೊಂದಿಗೆ ಕೂತು ಊರಿಗೆ ಮರಳಿದಳು. ಹೋಗುವಾಗಲೂ ಬರುವಾಗಲೂ ಜೀಪು ಎಲ್ಲೂ ನಿಲ್ಲಲಿಲ್ಲ.