ಇಟ್ಟಿಗೆ ಮರೆತ ಗೋಡೆ

ಅದು ಎಂದಿನಂಥ ಭಾನುವಾರ. ನಳಿನಿ ತನ್ನ ಬಾಲ್ಯದ ನರಿಯ ವಿಡಿಯೋ ಆಟದ ಹೊಸ ಆವೃತ್ತಿಯನ್ನು ತಂದು, ಅರ್ಧ ಗಂಟೆ ಆಡಿ, ಡಿಸ್ಕನ್ನು ಹಳೆಯ ಆಟದ ಕಾರ್ಟ್ರಿಜ್ ಪಕ್ಕ ಇಟ್ಟಳು.

ಡಿಸ್ಕಿನ ನರಿ ಕೇಳಿತು: “ಅಜ್ಜಾ, ನನ್ನ ಒಂದೊಂದು ರೋಮವೂ ಗಾಳಿಗೆ ಅಲುಗುತ್ತದೆ. ನೀನೋ ಎಂಟು ಚೌಕದ ಮೊಂಡುಬಾಲ. ಆದರೂ ಅವಳು ನನ್ನನ್ನು ಮುಂದೆ ಓಡಿಸದೆ ಮೂರನೆಯ ಗೋಡೆಗೇ ಗುದ್ದಿಸುತ್ತಾಳೆ. ಏಕೆ?”

ಹಳೆಯ ನರಿ ಹೇಳಿತು: “ನನ್ನ ಆಟದಲ್ಲಿ ಆ ಗೋಡೆಗೆ ಒಂದು ಇಟ್ಟಿಗೆ ಇಡಲು ಮರೆತಿದ್ದರು. ಅವಳೂ ಅವಳಣ್ಣನೂ ತಮ್ಮ ನರಿಗಳನ್ನು ಅಲ್ಲಿ ಅಡಗಿಸುತ್ತಿದ್ದರು.”

“ಆ ತಪ್ಪನ್ನು ತಿದ್ದಿಯಲ್ಲವೇ ನನ್ನನ್ನು ಮಾಡಿದ್ದು! ಸರಿಯಾಗಿದ್ದುಕೊಂಡು ನಾನು ಅವಳಿಗೆ ಹಿಡಿಸುವುದು ಹೇಗೆ?”

“ನನಗೆ ತಿಳಿಯದು, ಮರಿ. ನಾನೆಂದೂ ಸರಿಯಾಗಿ ಇದ್ದವನಲ್ಲ.”

ನಳಿನಿ ಬಂದು ಹೊಸ ಡಿಸ್ಕನ್ನೇ ಮತ್ತೆ ಹಾಕಿದಳು. ನರಿ ಅದೇ ಗೋಡೆಯ ಮುಂದೆ ನಿಂತಿತು. ಅವಳು ಸಿಕ್ಕಿಸಿದ ಎರಡನೆಯ ಜಾಯ್‌ಸ್ಟಿಕ್ ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು.